ಗುಡ್ಡದ ಮೇಲಿನ ಹಗಲು, ಗುಡ್ಡದ ಕೆಳಗಿನ ರಾತ್ರಿ

ಇಟಲಿಯವರಿಗೆ ವಾರದ ಕೊನೆಗೆ ಎರಡು ದಿನ ಬಿಡುವು ಸಿಕ್ಕರೆ ಗುಡ್ಡದ ಮೇಲಿನ ಯಾವುದಾದರೂ ಹಳೇ ಊರಿಗೆ ಹೊರಟುಬಿಡುತ್ತಾರೆ. ಅಂಥ ಊರುಗಳಿಗೆ ಅಲ್ಲಿ ಬರವಿಲ್ಲ. ಓರ್ವಿಯೇಟೊ ಒಂದನ್ನೇ ನೋಡೋಣ. ರೋಮ್‌ನಿಂದ ರೈಲಿನಲ್ಲಿ ಒಂದೂವರೆ ತಾಸಿನೊಳಗಿನ ದಾರಿ. ಸ್ಟೇಷನ್ ಕೆಳಗೆ ಬಯಲಲ್ಲಿದೆ, ಊರು ಮೇಲೆ ಬಂಡೆಯ ನೆತ್ತಿಯಲ್ಲಿದೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಕಲ್ಲಾದ ಒಂಟಿ ದಿಬ್ಬ ಅದು. ನಾಲ್ಕೂ ಕಡೆ ಕಡಿದಾದ ಕಲ್ಲುಗೋಡೆ. ಎರಡೂವರೆ ಸಾವಿರ ವರ್ಷಗಳ ಹಿಂದೆ ಎಟ್ರುಸ್ಕನ್ನರು ಅಲ್ಲಿ ಬೀಡುಬಿಟ್ಟರು. ಅಂದಿನಿಂದ ರೋಮನ್ನರು ಬಂದರು, ಪೋಪರು ಬಂದರು, ಈಗ ಕ್ಯಾಮೆರಾ ಹಿಡಿದ ಪ್ರವಾಸಿಗರು ಬರುತ್ತಿದ್ದಾರೆ. ಸ್ಟೇಷನ್ನಿನಿಂದ ಮೇಲಕ್ಕೆ ಹಗ್ಗ ಎಳೆಯುವ ರೈಲಿದೆ. 1888ರಲ್ಲಿ ಶುರುವಾದಾಗ ಅದು ನೀರಿನ ಭಾರದ ಮೇಲೆ ಓಡುತ್ತಿತ್ತು, ಈಗ ವಿದ್ಯುತ್ತಿನ ಮೇಲೆ ಓಡುತ್ತದೆ. ಮೇಲೆ ಹೋದವರು ಕಿರಿದಾದ ಓಣಿಗಳಲ್ಲಿ ನಡೆದಾಡಿ, 1290ರಲ್ಲಿ ಕಟ್ಟಲು ಹಿಡಿದ ಪಟ್ಟೆಪಟ್ಟೆ ಕಲ್ಲಿನ ಚರ್ಚು ನೋಡಿ, ಉಂಡು, ರಾತ್ರಿ ಅಲ್ಲೇ ಮಲಗಿ, ಮಾರನೆ ದಿನ ಇಳಿಯುತ್ತಾರೆ.

ಇಂಥ ಊರುಗಳ ಬಗ್ಗೆ ಓದಿದಾಗಲೆಲ್ಲ ನನಗೆ ಅಲ್ಲಿನ ಚರ್ಚಿಗಿಂತ ಬಾವಿಯೇ ಹೆಚ್ಚು ಕಾಡುತ್ತದೆ. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಏಳನೇ ಕ್ಲೆಮೆಂಟ್ ತಲೆತಪ್ಪಿಸಿಕೊಂಡು ಓರ್ವಿಯೇಟೊ ಸೇರಿದ. ಗುಡ್ಡವನ್ನು ಶತ್ರು ಹತ್ತಲಾರ, ಸರಿ. ಮುತ್ತಿಗೆ ಹಾಕಿ ಕುಳಿತರೆ ಕುಡಿಯಲು ನೀರು? ಆಗ ಕಿರಿಯ ಆಂಟೋನಿಯೊ ದ ಸಂಗಾಲೊ ಎಂಬ ವಾಸ್ತುಶಿಲ್ಪಿ ಬಂಡೆಯನ್ನು ಐವತ್ತು ಮೀಟರಿಗೂ ಮಿಗಿಲಾಗಿ ಕೊರೆದು ಬಾವಿ ಮಾಡಿದ. ಅದರ ಸುತ್ತ ಒಂದನ್ನೊಂದು ಹೆಣೆದ ಎರಡು ಸುರುಳಿ ಮೆಟ್ಟಿಲು, ಒಂದೊಂದರಲ್ಲಿ 248 ಪಾವಟಿಗೆ. ಒಂದರಲ್ಲಿ ಹೇಸರಗತ್ತೆ ಖಾಲಿ ಕೊಡ ಹೊತ್ತು ಇಳಿಯಬೇಕು, ಇನ್ನೊಂದರಲ್ಲಿ ತುಂಬಿದ ಕೊಡ ಹೊತ್ತು ಹತ್ತಬೇಕು. ಎರಡೂ ಎಲ್ಲೂ ಎದುರುಬದುರಾಗುವುದಿಲ್ಲ. ಕೆಲಸ ಮುಗಿದಾಗ 1537 ಆಗಿತ್ತು. ಅಷ್ಟರಲ್ಲಿ ಪೋಪ್ ಸತ್ತು ಮೂರು ವರ್ಷವಾಗಿತ್ತು, ಬಾವಿ ಉಳಿಯಿತು.

ಗುಡ್ಡದ ಮೇಲಿನ ಊರು ಉಳಿಯಬೇಕಾದರೆ ಎರಡು ಪ್ರಶ್ನೆಗೆ ಉತ್ತರ ಬೇಕು. ನೀರು ಎಲ್ಲಿಂದ? ದಾರಿ ಯಾರಿಗೆ? ಕೋಟೆ, ಅರಮನೆ, ಗುಡಿ ಎಲ್ಲ ಆಮೇಲಿನ ಮಾತು. ಈ ಎರಡು ಪ್ರಶ್ನೆಯನ್ನು ನಮ್ಮ ಸಂಡೂರಿನ ಗುಡ್ಡಗಳಿಗೂ ಕೇಳಿ ನೋಡಬೇಕೆಂಬುದೇ ಈ ವಾರದ ಅಂಕಣ.

ಸಂಡೂರು ತಾಲ್ಲೂಕಿನ ನಮ್ಮ ಚೋರನೂರು ಹೋಬಳಿಯವರಿಗೆ ಗುಡ್ಡವೆಂದರೆ ದಿನಾ ಕಣ್ಣೆದುರು ಇರುವ ಸಂಗತಿ. ಮಳೆ ನಂಬಿದ ಶೇಂಗಾ, ಮೆಕ್ಕೆಜೋಳದ ಹೊಲಗಳ ಆಚೆ ಆ ಸಾಲು ನಿಂತಿರುತ್ತದೆ. ಮಳೆ ಬರುವುದೂ ಮೊದಲು ಅಲ್ಲಿಗೇ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಪಕ್ಕದ ಕೂಡ್ಲಿಗಿ ಅತ್ತ ಹೋಯಿತು, ಸಂಡೂರು ತಾಲ್ಲೂಕು ಬಳ್ಳಾರಿಯಲ್ಲೇ ಉಳಿಯಿತು. ಹೀಗಾಗಿ ನಮ್ಮ ಹೋಬಳಿ ಈಗ ಜಿಲ್ಲೆಯ ಅಂಚಿನದು. ಬೆಂಗಳೂರಿನಿಂದ ಹಂಪಿಗೆ ಹೊರಟ ಕಾರುಗಳು ಕೂಡ್ಲಿಗಿ ದಾಟಿ ಹೊಸಪೇಟೆ ಕಡೆ ಸರ್ರನೆ ಹೋಗುತ್ತವೆ. ಅವುಗಳಲ್ಲಿ ನೂರಕ್ಕೆ ಒಂದಾದರೂ ಬಲಕ್ಕೆ ತಿರುಗಿ ಬಂಡ್ರಿ, ಯಶವಂತನಗರದ ಮೇಲೆ ಸಂಡೂರಿಗೆ ಬರುತ್ತದೋ ಇಲ್ಲವೋ. ಹಂಪಿ 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಅದರ ಭಾಗ್ಯವೇ ಬೇರೆ. ಆದರೆ ಹೊಸಪೇಟೆಯಿಂದ ಸಂಡೂರಿಗೆ ಒಂದು ತಾಸಿನ ದಾರಿ ಅಷ್ಟೇ.

ಇಟಲಿಯವರು ಈ ಸೀಮೆಗೆ ಹೊಸಬರೂ ಅಲ್ಲ. ವೆನಿಸ್ ಕಡೆಯ ನಿಕೊಲೊ ಕಾಂಟಿ 1420ರ ಸುಮಾರಿಗೆ ವಿಜಯನಗರ ನೋಡಿದ. ಕೋಟೆಯ ಗೋಡೆ ಬೆಟ್ಟಗಳ ಮೇಲೆ ಏರಿಹೋದುದನ್ನು ಬೆರಗಿನಿಂದ ಹೇಳಿದ. ಬೊಲೊನ್ಯಾದ ಲುಡೊವಿಕೊ ವರ್ತೆಮಾ ಹದಿನಾರನೇ ಶತಮಾನದ ಮೊದಲ ದಶಕದಲ್ಲಿ ಬಂದ. ಗುಡ್ಡದ ಮಗ್ಗುಲಿನ ಮೂರು ಸುತ್ತಿನ ಕೋಟೆಯ ಊರನ್ನೂ ಇಲ್ಲಿನ ಗಾಳಿಯನ್ನೂ ಹಾಡಿ ಹೊಗಳಿದ. ಸೀಸರ್ ಫ್ರೆಡರಿಕ್ ಎಂದು ನಮ್ಮ ಇತಿಹಾಸದ ಪುಸ್ತಕಗಳು ಕರೆಯುವ ವೆನಿಸಿನ ವ್ಯಾಪಾರಿ ಬಂದದ್ದು 1567ರಲ್ಲಿ, ತಾಳಿಕೋಟೆ ಯುದ್ಧ ಮುಗಿದ ಎರಡು ವರ್ಷಕ್ಕೆ. ಕಳ್ಳಕಾಕರ ಕಾಟಕ್ಕೆ ದಾರಿ ಬಂದಾಗಿ ಏಳು ತಿಂಗಳು ಇಲ್ಲೇ ಉಳಿಯಬೇಕಾಯಿತು. ಮನೆಗಳು ನಿಂತೇ ಇದ್ದವು, ಜನ ಇರಲಿಲ್ಲ, ಒಳಗೆ ಹುಲಿ ಸೇರಿಕೊಂಡಿವೆ ಎಂಬ ಸುದ್ದಿ ಇತ್ತು ಎಂದು ಬರೆದಿಟ್ಟ. ಆ ಕಾಲದಲ್ಲಿ ಯುರೋಪಿಗೂ ತುಂಗಭದ್ರೆಗೂ ಇದ್ದ ನಂಟನ್ನು ಕಥೆಯಾಗಿ ಓದಬೇಕೆನ್ನುವವರಿಗೆ ಸಂಡೂರಿನವರೇ ಆದ ವಸುಧೇಂದ್ರರ ‘ತೇಜೋ ತುಂಗಭದ್ರಾ’ ಕಾದಂಬರಿ ಇದೆ. ಅಲ್ಲಿ ಬರುವುದು ಇಟಲಿಯಲ್ಲ, ಲಿಸ್ಬನ್.

ಇನ್ನು ಸಂಡೂರಿನ ಮಾತು. ನಕ್ಷೆಯಲ್ಲಿ ನೋಡಿದರೆ ಸಂಡೂರು ಕಣಿವೆ ಉದ್ದನೆಯ ದೋಣಿಯ ಹಾಗೆ ಕಾಣುತ್ತದೆ. ಎರಡೂ ಕಡೆ ಗುಡ್ಡದ ಸಾಲು, ನಡುವೆ ಊರು, ಊರ ಬಳಿ ನಾರಿಹಳ್ಳ. ಈ ಹಳ್ಳ ಗುಡ್ಡವನ್ನು ಸುತ್ತಿ ಹೋಗಲಿಲ್ಲ, ಸೀಳಿಕೊಂಡೇ ಹೋಯಿತು. ಹಾಗೆ ಸೀಳಿದ ಜಾಗಗಳೇ ಭೀಮಗಂಡಿ, ಓಬಳಗಂಡಿ. ಗಂಡಿಗಳನ್ನು ಬಿಟ್ಟರೆ ಒಳಗೆ ಬರಲು ಗುಡ್ಡ ಹತ್ತಿ ಇಳಿಯಬೇಕಿತ್ತು. 18ನೇ ಶತಮಾನದಲ್ಲಿ ಘೋರ್ಪಡೆ ಮನೆತನ ಇಲ್ಲಿ ನೆಲೆಯೂರಿದ್ದಕ್ಕೂ, ಹೈದರ್ ಮತ್ತು ಟಿಪ್ಪು ಈ ಪುಟ್ಟ ಕಣಿವೆಗಾಗಿ ಕಾದಾಡಿ ಕೃಷ್ಣಾನಗರದ ಕೋಟೆ ಕಟ್ಟಿದ್ದಕ್ಕೂ ಈ ನೆಲದ ರಚನೆಯೇ ಕಾರಣ. ಓರ್ವಿಯೇಟೊದವರು ಗುಡ್ಡದ ಮೇಲೆ ಹತ್ತಿ ಕುಳಿತರು. ಸಂಡೂರಿನವರು ಗುಡ್ಡಗಳನ್ನೇ ಕೋಟೆ ಮಾಡಿಕೊಂಡು ಒಳಗೆ ಕುಳಿತರು. ನೀರು ಹೊತ್ತು ಹತ್ತುವ ಗೋಜು ಇಲ್ಲ, ನೀರು ತಾನಾಗಿ ಇಳಿದು ಬರುತ್ತದೆ. ಬುದ್ಧಿವಂತರು ಯಾರು, ನೀವೇ ಹೇಳಿ.

ಗುಡ್ಡದ ಮೇಲೇ ಊರು ಕಟ್ಟುವ ಪ್ರಯತ್ನವೂ ಒಂದು ನಡೆಯಿತು. ಹೊಸಪೇಟೆ ಕಡೆಗಿರುವ ಸಾಲಿನ ನೆತ್ತಿಯಲ್ಲಿ ರಾಮಗಡ ಇದೆ. ಹಳೆಯ ಕಾಗದಪತ್ರಗಳಲ್ಲಿ ರಾಮನದುರ್ಗ. ಸಮುದ್ರಮಟ್ಟದಿಂದ 3,200 ಅಡಿಗೂ ಮೇಲಿದೆ. ಬಳ್ಳಾರಿಯಲ್ಲಿ ದಂಡು ಇಟ್ಟಿದ್ದ ಇಂಗ್ಲಿಷರಿಗೆ ಅಲ್ಲಿನ ಬೇಸಿಗೆ ತಡೆಯಲಾಗುತ್ತಿರಲಿಲ್ಲ. ನಮಗೇ ತಡೆಯಲಾಗುವುದಿಲ್ಲ, ಅವರ ಪಾಡೇನು. 19ನೇ ಶತಮಾನದ ನಡುವಿನಲ್ಲಿ ಸಂಡೂರು ಸಂಸ್ಥಾನದ ಜೊತೆ ಒಪ್ಪಂದ ಮಾಡಿಕೊಂಡು ಕಾಯಿಲೆ ಬಿದ್ದ ಸೈನಿಕರ ಆರೈಕೆಗೆಂದು ಅಲ್ಲೊಂದು ಆರೋಗ್ಯಧಾಮ ತೆರೆದರು. ಬ್ಯಾರಕ್ಕು ಎದ್ದವು, ಸಾಹೇಬರ ಬಂಗಲೆ ಎದ್ದವು. ಬಳ್ಳಾರಿಯ ಅಧಿಕಾರಿಗಳು ಹೆಂಡತಿ ಮಕ್ಕಳನ್ನು ಬೇಸಿಗೆಗೆ ಅಲ್ಲಿಗೆ ಕಳಿಸುತ್ತಿದ್ದರು. ಅಂದರೆ ವಾರಾಂತ್ಯಕ್ಕೆ ಗುಡ್ಡದ ಊರಿಗೆ ಹೋಗುವ ಶೋಕಿ ನಮ್ಮ ಜಿಲ್ಲೆಗೆ ಬಂದು ನೂರೈವತ್ತು ವರ್ಷ ದಾಟಿದೆ.

ಆದರೂ ಆ ಊರು ನಿಲ್ಲಲಿಲ್ಲ. ಉದಕಮಂಡಲಕ್ಕೆ 1908ರಲ್ಲಿ ರೈಲೇ ಹತ್ತಿತು. ರಾಮಗಡಕ್ಕೆ ಕುದುರೆ, ಡೋಲಿ ಬಿಟ್ಟರೆ ಗತಿಯಿರಲಿಲ್ಲ. ನೆತ್ತಿಯ ಮೇಲೆ ಬೆಳೆ ಬೆಳೆಯುವ, ಸಂತೆ ನಡೆಸುವ, ಮಕ್ಕಳ ಮದುವೆ ಮಾಡುವ ಜನ ಬೇರುಬಿಟ್ಟಿರಲಿಲ್ಲ. ಇದ್ದವರು ರಜೆಗೆ ಬಂದವರು, ಅವರ ಅಡುಗೆಯವರು, ಹೊರೆಯಾಳುಗಳು. ಬರುವವರಿಗಾಗಿಯೇ ಕಟ್ಟಿದ ಊರು, ಬರುವವರು ನಿಂತಾಗ ತಾನೂ ನಿಂತಿತು. ಈಗ ಅಲ್ಲಿ ಸಣ್ಣ ಹಳ್ಳಿ ಇದೆ, ಹಳೇ ಬಂಗಲೆಗಳ ಪಾಳುಗೋಡೆ ಇವೆ, ಮಳೆಗಾಲದಲ್ಲಿ ಮೊಣಕೈಯಾಚೆ ಕಾಣದಷ್ಟು ಮಂಜು ಇದೆ. ಈ ಗುಡ್ಡಗಳ ಮೇಲೆ ರೆಸಾರ್ಟ್ ಕಟ್ಟಬೇಕೆಂದು ಆಗಾಗ ಮಾತಾಡುವವರು ಮೊದಲು ರಾಮಗಡಕ್ಕೆ ಹೋಗಿಬರಲಿ.

ಕುಮಾರಸ್ವಾಮಿ ಗುಡ್ಡದ ಕಥೆ ಬೇರೆ. ಸಂಡೂರು ಪೇಟೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದಾರಿ, ತಿರುವು ತಿರುವಾಗಿ ಕಾಡಿನೊಳಗೆ ಏರುತ್ತದೆ. ಪುರಾಣದ ಕ್ರೌಂಚಗಿರಿ ಇದೇ ಎಂದು ನಂಬಿಕೆ. ಲೋಕ ಸುತ್ತಿ ಮೊದಲು ಬಂದವರು ಯಾರು ಎಂಬ ಪಂದ್ಯದಲ್ಲಿ ಗಣಪ ಅಪ್ಪ ಅಮ್ಮನನ್ನೇ ಸುತ್ತಿ ಗೆದ್ದ. ಸಿಟ್ಟಾದ ಕುಮಾರ ಕುಡಿದ ಹಾಲನ್ನೇ ಕಕ್ಕಿ ಈ ಗುಡ್ಡಕ್ಕೆ ಬಂದು ಕುಳಿತ. ಮಗನನ್ನು ಹುಡುಕಿಕೊಂಡು ತಾಯಿ ಪಾರ್ವತಿಯೂ ಬಂದಳು. ಹತ್ತಿರದಲ್ಲೇ ಸಿಗುವ ಬಿಳಿ ಮಣ್ಣು ಆ ಹಾಲಿನದೆಂದು ಹೇಳಿ ಅದನ್ನೇ ವಿಭೂತಿಯಾಗಿ ಹಣೆಗೆ ಹಚ್ಚುತ್ತಾರೆ. ಸುತ್ತಲೂ ಕೆಂಪಡರಿದ ಗುಡ್ಡದಲ್ಲಿ ಅಷ್ಟು ಬೆಳ್ಳನೆಯ ಮಣ್ಣು ಕಂಡ ಯಾರಿಗಾದರೂ ಒಂದು ಕಥೆ ಹೊಳೆಯಲೇಬೇಕಲ್ಲ.

ತಾಯಿ ಮಗನ ಗುಡಿಗಳು ಎರಡೂ ಒಂದಕ್ಕೊಂದು ಹತ್ತಿರ. ಹಳೆಯದು ಪಾರ್ವತಿಯದು, ಬಾದಾಮಿ ಚಾಲುಕ್ಯರ ಕಾಲದ ಕಟ್ಟಡ. ಹಂಪಿಯ ವಿರೂಪಾಕ್ಷನ ಗೋಪುರ ಏಳುವುದಕ್ಕೆ ಎಷ್ಟೋ ಶತಮಾನ ಮೊದಲು ಇಲ್ಲಿ ದೀಪ ಉರಿಯುತ್ತಿತ್ತು. 10ನೇ ಶತಮಾನದ ಶಾಸನಗಳಲ್ಲಿ ಈ ಸೀಮೆಗೆ ಕಾರ್ತಿಕೇಯ ತಪೋವನ ಎಂಬ ಹೆಸರು ಬರುತ್ತದೆ. ಅದೇ ಕಾಲದ ಒಂದು ವಿಚಿತ್ರ ನೆನಪು ಬಳ್ಳಾರಿ ಹತ್ತಿರದ ಕೊಳಗಲ್ಲಿನಲ್ಲಿದೆ. ರಾಷ್ಟ್ರಕೂಟ ಖೊಟ್ಟಿಗನ ಕಾಲದ 967ರ ಶಾಸನ ಗದಾಧರನೆಂಬ ಯತಿಯನ್ನು ಹೊಗಳುತ್ತದೆ. ಆತ ಗೌಡದೇಶದ ವರೇಂದ್ರಿಯವನು, ಅಂದರೆ ಬಂಗಾಳದವನು. ಅಷ್ಟು ದೂರದಿಂದ ಬಂದ ಸನ್ಯಾಸಿ ಬಳ್ಳಾರಿಯ ಬಿಸಿಲಲ್ಲಿ ಕಾರ್ತಿಕೇಯನ ಪ್ರತಿಷ್ಠೆ ಮಾಡಿ ನಿಂತನೆಂದರೆ ಈ ಗುಡ್ಡದ ದೇವರ ಹೆಸರು ಎಷ್ಟು ದೂರ ಮುಟ್ಟಿತ್ತು ಎಂದು ಊಹಿಸಿ. ಈಗ ಹಂಪಿಯವರೆಗೆ ಬಂದವರೂ ಇತ್ತ ಬರುವುದಿಲ್ಲ.

ಇನ್ನೊಂದು ಸಂಗತಿಯನ್ನು ಸಂಡೂರಿನವರು ಹೆಮ್ಮೆಯಿಂದ ಹೇಳುತ್ತಾರೆ, ಹೇಳಲೂಬೇಕು. ಸಂಸ್ಥಾನದ ಕೊನೆಯ ಅರಸ ಯಶವಂತರಾವ್ ಘೋರ್ಪಡೆ 1930ರ ದಶಕದ ಮೊದಲಲ್ಲೇ ಕುಮಾರಸ್ವಾಮಿಯ ಗುಡಿಯನ್ನು ದಲಿತರಿಗೆ ತೆರೆದರು. ದೊಡ್ಡ ಸಂಸ್ಥಾನ ತಿರುವಾಂಕೂರಿನ ದೇವಾಲಯ ಪ್ರವೇಶ ಘೋಷಣೆ ಬಂದದ್ದು 1936ರಲ್ಲಿ. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದರು. ಸೆಪ್ಟೆಂಬರಿನಲ್ಲಿ ಸಂಡೂರನ್ನು ನೋಡಬೇಕೆಂಬ ಮಾತು ಅವರದೆಂದು ಊರಿನವರು ಇಂದಿಗೂ ಬಾಯ್ತುಂಬ ಹೇಳುತ್ತಾರೆ. ಯಾರದಾದರೂ ಆಗಲಿ, ಮಾತು ಮಾತ್ರ ಸರಿಯಾಗಿದೆ. ಆದರೆ ಅದೇ ಗುಡಿಯಲ್ಲಿ ಹೆಂಗಸರು ಕುಮಾರಸ್ವಾಮಿಯ ದರ್ಶನ ಮಾಡುವಂತಿಲ್ಲ ಎಂಬ ಕಟ್ಟಳೆ ಬಹುಕಾಲದಿಂದ ನಡೆದು ಬಂದಿದೆ. ತಾಯಿಯ ಮೇಲೆ ಮುನಿದ ಕಥೆಯೇ ಅದಕ್ಕೆ ಆಧಾರ. ತೊಂಬತ್ತು ವರ್ಷದ ಹಿಂದೆ ಒಂದು ಬಾಗಿಲು ತೆರೆದ ಊರಿಗೆ ಇನ್ನೊಂದು ಬಾಗಿಲು ತೆರೆಯುವುದು ಕಷ್ಟವಾಗಬಾರದು ಎಂದು ನನ್ನ ಅನಿಸಿಕೆ. ಹೆಂಡತಿ, ಅಕ್ಕತಂಗಿಯರ ಜೊತೆ ಹೊರಟವರಿಗೆ ಇದು ಮೊದಲೇ ಗೊತ್ತಿರಲಿ.

ಈಗ ನೀರಿನ ಪ್ರಶ್ನೆಗೆ ಬರೋಣ. ಗುಡಿಯ ಎದುರು ಅಗಸ್ತ್ಯತೀರ್ಥದ ಕೊಳ ಇದೆ. ಗುಡ್ಡದಲ್ಲಿ ಹರಿಶಂಕರ ತೀರ್ಥವಿದೆ. ಜನ ಮೊದಲು ಅಲ್ಲಿ ಮಿಂದು ಆಮೇಲೆ ದೇವರ ಬಳಿ ಹೋಗುತ್ತಾರೆ. ಸಂಗಾಲೊನಂಥವನು ಬಂದು ಬಂಡೆ ಕೊರೆಯಲಿಲ್ಲ. ಹಾಗಾದರೆ ಇಷ್ಟು ಎತ್ತರದಲ್ಲಿ ನೀರು ಹೇಗೆ?

ಉತ್ತರ ದಾರಿಬದಿಯಲ್ಲೇ ಬಿದ್ದಿದೆ. ಒಂದು ಕಲ್ಲು ಕೈಗೆತ್ತಿಕೊಳ್ಳಿ. ಗಾತ್ರ ನೋಡಿ ಅಂದಾಜಿಸಿದ್ದಕ್ಕಿಂತ ಹೆಚ್ಚು ಭಾರ. ಅಡ್ಡ ಮುರಿದ ಜಾಗದಲ್ಲಿ ಪಟ್ಟೆಗಳು: ಉಕ್ಕಿನ ಬೂದು, ಅದರ ಮೇಲೆ ಇಟ್ಟಿಗೆ ಕೆಂಪು, ಮತ್ತೆ ಬೂದು, ನಡುವೆ ಕೂದಲೆಳೆಯಷ್ಟು ಕಪ್ಪು. ಉಜ್ಜಿದರೆ ಬೆರಳಿಗೆ ಕುಂಕುಮದಂತೆ ಬಣ್ಣ ಹತ್ತುತ್ತದೆ, ಸಾಬೂನು ಹಾಕಿದರೂ ಬೇಗ ಹೋಗುವುದಿಲ್ಲ. ಇದು ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಕಬ್ಬಿಣ ಮತ್ತು ಬೆಣಚು. ಆಗ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ನೀರಿನಲ್ಲಿ ಕರಗಿದ್ದ ಕಬ್ಬಿಣಕ್ಕೆ ಆಮ್ಲಜನಕ ಸಿಕ್ಕಿದಾಗಲೆಲ್ಲ ತುಕ್ಕಾಗಿ ತಳಕ್ಕೆ ಇಳಿಯಿತು. ಆಮೇಲೆ ನೆಲ ಮಡಿಸಿಕೊಂಡು ಮೇಲೆದ್ದಿತು, ಮೆತ್ತನೆಯ ಕಲ್ಲು ಸವೆದು ಕಣಿವೆಯಾಯಿತು, ಕಬ್ಬಿಣದ ಕಲ್ಲು ಸವೆಯದೆ ಗುಡ್ಡವಾಗಿ ನಿಂತಿತು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಗುಡ್ಡಗಳನ್ನೆಲ್ಲ ಸುತ್ತಿ 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂರಚನೆಯ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಸಂಗನಕಲ್ಲು, ಕಪ್ಪಗಲ್ಲಿನ ಶಿಲಾಯುಗದ ಕೊಡಲಿಗಳನ್ನು ಲೋಕಕ್ಕೆ ತೋರಿಸಿದ ಮಹಾನುಭಾವನೂ ಇವನೇ.

ಈ ಕಬ್ಬಿಣದ ಕಲ್ಲಿನ ತಲೆಯ ಭಾಗ ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಸವೆದು, ಬಿರುಕುಬಿಟ್ಟು, ಸಣ್ಣ ಸಣ್ಣ ತೂತು ಬಿದ್ದಿದೆ. ಮಳೆನೀರು ಅದರೊಳಗೆ ಇಂಗುತ್ತದೆ. ಕೆಳಗೆ ನೀರು ಬಿಡದ ಜೇಡಿಯಂಥ ಪದರ ಎದುರಾದಾಗ ನೀರು ಅಡ್ಡಕ್ಕೆ ಹರಿದು ಗುಡ್ಡದ ಮಗ್ಗುಲಲ್ಲಿ ಚಿಲುಮೆಯಾಗಿ ಹೊರಬರುತ್ತದೆ. ಮುಂಗಾರಿನ ನೀರು ಬೇಸಿಗೆಯವರೆಗೂ ಬರುವುದು ಹೀಗೆ. ಅಂದರೆ ಗಣಿಯವರು ಯಾವುದನ್ನು ಅದಿರು ಎನ್ನುತ್ತಾರೋ ಅದೇ ಈ ಗುಡ್ಡದ ನೀರಿನ ತೊಟ್ಟಿ. ಅದಿರು ತೆಗೆದರೆ ತೊಟ್ಟಿಯೂ ಹೋಯಿತು. ಪರಿಸರದ ಬಗ್ಗೆ ಭಾಷಣ ಮಾಡುವವರು ಮರದ ಲೆಕ್ಕ ಕೊಡುತ್ತಾರೆ, ಅದೂ ಬೇಕು. ಆದರೆ ಮರ ನೆಡಬಹುದು. ತೆಗೆದ ಅದಿರನ್ನು ಮತ್ತೆ ಗುಡ್ಡದ ತಲೆಗೆ ಇಡಲಾಗುವುದಿಲ್ಲ.

ಗಣಿಯೇ ಬೇಡ ಎನ್ನುವಷ್ಟು ಹುಂಬನಲ್ಲ ನಾನು. 1954ರಲ್ಲಿ ಇಲ್ಲಿ ಮ್ಯಾಂಗನೀಸ್ ಕಂಪನಿ ಶುರುವಾಯಿತು, ಆಮೇಲೆ ದೋಣಿಮಲೈಯಲ್ಲಿ ಕೇಂದ್ರ ಸರ್ಕಾರದ ಗಣಿ ಬಂತು. ನಮ್ಮ ಹೋಬಳಿಯ ಎಷ್ಟೋ ಮನೆಗಳ ಒಲೆ ಆ ಸಂಬಳದಿಂದ ಉರಿದಿದೆ. ಕೆಟ್ಟದ್ದು ಈ ಶತಮಾನದ ಮೊದಲ ದಶಕದಲ್ಲಿ. ಚೀನಾದ ಬೇಡಿಕೆ ಏರಿತು, ಅದಿರಿನ ಬೆಲೆ ಏರಿತು, ಹೊಲ ಬಿಟ್ಟವರು ಲಾರಿ ಕೊಂಡರು. ರಸ್ತೆಬದಿಯ ಬೇವಿನ ಎಲೆ ಹಸಿರು ಎಂಬುದೇ ಮರೆತುಹೋಗಿತ್ತು. ಎಲೆಯ ಮೇಲೆ ಬೆರಳಿಟ್ಟು ಎಳೆದರೆ ಗೆರೆ ಮೂಡುತ್ತಿತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. 2013ರಲ್ಲಿ ತಪ್ಪಿನ ಪ್ರಮಾಣ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ತೀರಾ ಕೆಟ್ಟ ಸಿ ವರ್ಗದವುಗಳ ಪರವಾನಗಿ ರದ್ದು ಮಾಡಿತು. ಈಗ ಹಿಂದಿನ ಹುಚ್ಚು ಇಲ್ಲ, ಹಿಡಿತವಿದೆ. ಆದರೂ ಕುಮಾರಸ್ವಾಮಿ ಗುಡ್ಡದ ದಾರಿಯಲ್ಲಿ ನಿಂತು ನೋಡಿದರೆ ಎದುರಿನ ಸಾಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಕೆಂಪು ಗುಡ್ಡ ಕಾಣುತ್ತದೆ. ಹತ್ತಿರದ ದೇವದಾರಿ ಗುಡ್ಡದಲ್ಲಿ ಹೊಸ ಗಣಿ ತೆರೆಯುವ ಮಾತು 2024ರಲ್ಲಿ ಎದ್ದಾಗ ಜಿಲ್ಲೆಯಲ್ಲಿ ಆದ ಗಲಾಟೆ ಓದುಗರಿಗೆ ನೆನಪಿರಬಹುದು.

ಇಟಲಿಯಲ್ಲೂ ಕರಗುತ್ತಿರುವ ಗುಡ್ಡದ ಊರು ಒಂದಿದೆ. ಓರ್ವಿಯೇಟೊಗೆ ಹತ್ತಿರದ ಚಿವಿತಾ ದಿ ಬಾನ್ಯೊರೆಜೊ. ಮೇಲೆ ಗಟ್ಟಿ ಕಲ್ಲು, ಅಡಿಯಲ್ಲಿ ಜೇಡಿಮಣ್ಣು. ಮಳೆಗೆ ಜೇಡಿ ಕೊಚ್ಚಿಹೋಗಿ ಊರಿನ ಅಂಚು ಕುಸಿಯುತ್ತಲೇ ಇದೆ. ಕಾಯಂ ಇರುವವರು ಬೆರಳೆಣಿಕೆಯ ಜನ. ಊರಿಗೆ ಹೋಗಲು ಕಾಲುಸೇತುವೆ ಮಾತ್ರ, ಕಾರು ಹೋಗುವುದಿಲ್ಲ. 2013ರಿಂದ ಊರಿನೊಳಗೆ ಕಾಲಿಡಲು ಟಿಕೆಟ್ ಇಟ್ಟರು. ಜನ ಬರುವುದು ಕಡಿಮೆಯಾಗಲಿಲ್ಲ, ಬದಲಿಗೆ ಇನ್ನೂ ಹೆಚ್ಚಾಯಿತು. ಆ ದುಡ್ಡು ಊರಿನ ಖರ್ಚಿಗೆ ಆಯಿತು. ಅಲ್ಲಿ ಗುಡ್ಡ ತಾನಾಗಿ ಕುಸಿಯುತ್ತಿದೆ, ಅದನ್ನು ಹಿಡಿದು ನಿಲ್ಲಿಸಲು ಸರ್ಕಾರ ಹೆಣಗುತ್ತಿದೆ. ನಮ್ಮ ಗುಡ್ಡದ ಕಲ್ಲು 270 ಕೋಟಿ ವರ್ಷ ತಾಳಿದ್ದು. ಅದಕ್ಕೆ ಯಾರೂ ಊರುಗೋಲು ಕೊಡಬೇಕಿಲ್ಲ, ಮುಟ್ಟದಿದ್ದರೆ ಸಾಕು.

ಹಾಗಾದರೆ ಎರಡು ದಿನಕ್ಕೆ ಬಂದವರು ಏನು ಮಾಡಬೇಕು? ಹಗಲು ಗುಡ್ಡದ ಮೇಲಿರಿ, ರಾತ್ರಿ ಗುಡ್ಡದ ಕೆಳಗಿರಿ. ಇಟಲಿಯವರ ಲೆಕ್ಕ ನಮಗೆ ತಿರುವುಮುರುವು. ಅಲ್ಲಿ ಹಾಸಿಗೆ, ಊಟ, ಅಂಗಡಿ ಎಲ್ಲ ಮೇಲಿವೆ. ಇಲ್ಲಿ ಊರು ಕೆಳಗಿದೆ. ಸಂಡೂರಿನಲ್ಲಿ ಸಾಧಾರಣ ಲಾಡ್ಜಿನಿಂದ ಹಿಡಿದು ಹೋಟೆಲಾಗಿರುವ ಅರಸರ ಶಿವವಿಲಾಸ ಅರಮನೆಯವರೆಗೆ ನಿಮ್ಮ ಜೇಬಿಗೆ ತಕ್ಕ ಕೋಣೆ ಸಿಗುತ್ತದೆ. ಬೆಳಗ್ಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಮಧ್ಯಾಹ್ನ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ. ಇಟಲಿಯ ಪಾಸ್ತಾ ಬೇಕೆನ್ನುವವರು ಹಂಪಿಯ ಆಚೆ ದಡಕ್ಕೆ ಹೋಗಬಹುದು, ಅಲ್ಲಿ ಅದೂ ಸಿಗುತ್ತದೆ.

ಶನಿವಾರ ಮಧ್ಯಾಹ್ನದೊಳಗೆ ಮುಟ್ಟಿದರೆ ಸಂಜೆ ನಾರಿಹಳ್ಳದ ಅಣೆಕಟ್ಟಿನ ಕಡೆ ಹೋಗಿ. ತಾರಾನಗರದ ಹತ್ತಿರ ಗಂಡಿಗೆ ಅಡ್ಡವಾಗಿ ಕಟ್ಟಿದ ಸಣ್ಣ ಕಟ್ಟು; ತಾರಕಾಸುರನಿಂದಲೇ ಊರಿಗೆ ಆ ಹೆಸರು ಬಂತು ಎನ್ನುತ್ತಾರೆ. ಭಾನುವಾರ ಬೆಳಕು ಹರಿಯುವಾಗಲೇ ಕುಮಾರಸ್ವಾಮಿ ಗುಡ್ಡ ಹತ್ತಿ. ಕಾರ್ತೀಕದಲ್ಲಿ ಜಾತ್ರೆ ನಡೆಯುತ್ತದೆ, ಮೂರು ವರ್ಷಕ್ಕೊಮ್ಮೆ ದೊಡ್ಡದು. ಜನಜಂಗುಳಿ ಒಗ್ಗದವರು ಆ ದಿನ ಬಿಟ್ಟು ಬನ್ನಿ, ಒಗ್ಗುವವರು ಅದೇ ದಿನ ಬನ್ನಿ. ಇಳಿದ ಮೇಲೆ ಕೃಷ್ಣಾನಗರದ ಕೋಟೆ. ಆಮೇಲೆ ಹೊತ್ತಿದ್ದರೆ ಸುಶೀಲಾನಗರದ ತಾಂಡಾ ಕಡೆ ಹೋಗಿ ಲಂಬಾಣಿ ಹೆಂಗಸರ ಕಸೂತಿ ನೋಡಿ. ಕನ್ನಡಿ ಚೂರು, ಕವಡೆ, ಕೆಂಪು ನೀಲಿ ನೂಲು. ಒಂದು ಅಂಗೈ ಅಗಲದ ತುಂಡಿನಲ್ಲಿ ಹತ್ತಾರು ಬಗೆಯ ಹೊಲಿಗೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲಕಲಾ ಕೇಂದ್ರದ ಈ ಹೆಂಗಸರು ಹೊಲಿದ 1,755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಚೌಕಾಸಿ ಮಾಡಬೇಡಿ. ಆ ಒಂದು ತುಂಡಿಗೆ ಎಷ್ಟು ಸಂಜೆ ಹಿಡಿದಿದೆ ಎಂದು ಕೇಳಿದರೆ ನಿಮ್ಮ ಬಾಯಿ ತಾನಾಗಿ ಮುಚ್ಚುತ್ತದೆ. ಹಿಂತಿರುಗುವ ದಾರಿ ದರೋಜಿಯ ಮೇಲಾದರೆ ಸಂಜೆ ಕರಡಿಧಾಮದ ವೀಕ್ಷಣಾ ಗೋಪುರದಿಂದ ಕರಡಿಗಳನ್ನೂ ಕಾಣಬಹುದು. 1994ರಲ್ಲಿ ಘೋಷಣೆಯಾದ ಧಾಮ ಅದು.

ಕಾಲ ಯಾವುದು? ಮಾರ್ಚಿನಿಂದ ಮೇವರೆಗೆ ಬಂದು ನಮ್ಮನ್ನು ಬೈಯಬೇಡಿ. ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಗುಡ್ಡ ಹಸಿರಾಗಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಬೆಳಗಿನ ಹೊತ್ತು ಕಣಿವೆಯ ತುಂಬ ಮೋಡ ಕೂತಿರುತ್ತದೆ.

ದಾರಿ ಯಾರಿಗೆ ಎಂಬ ಎರಡನೇ ಪ್ರಶ್ನೆ ಉಳಿಯಿತು. ಸದ್ಯಕ್ಕೆ ಉತ್ತರ: ಲಾರಿಗೆ ಮತ್ತು ಸ್ವಂತ ಕಾರಿದ್ದವರಿಗೆ. ಚೋರನೂರಿನಂಥ ಊರಿನಿಂದ ಒಬ್ಬ ಅಜ್ಜಿ ಪಾರ್ವತಿಯ ಗುಡಿಗೆ ಹೋಗಿ ಸಂಜೆಯೊಳಗೆ ಮನೆ ಸೇರಬೇಕೆಂದರೆ ಬಸ್ಸಿನ ಹೊತ್ತು ಹೊಂದಿಸಿಕೊಳ್ಳಲು ಪಂಚಾಂಗ ನೋಡಬೇಕು. ರೋಪ್‌ವೇ ಆಗಬೇಕು, ಗುಡ್ಡದ ಮೇಲೆ ಹೋಟೆಲ್ ಆಗಬೇಕು ಎಂಬ ಯೋಜನೆಗಳನ್ನು ಬರೆಯುವವರಿಗೆ ನನ್ನದೊಂದು ವಿನಂತಿ. ಗಣಿ ಬಾಧಿತ ಊರುಗಳಿಗೆಂದೇ ಕೂಡಿಟ್ಟ ಜಿಲ್ಲಾ ಖನಿಜ ನಿಧಿ ಇದೆ. ಅದರಲ್ಲಿ ಒಂದಿಷ್ಟನ್ನು ಶನಿವಾರ ಭಾನುವಾರ ಓಡುವ ಎರಡು ಬಸ್ಸಿಗೆ ಕೊಡಿ: ಒಂದು ಹೊಸಪೇಟೆ ರೈಲ್ವೆ ಸ್ಟೇಷನ್ನಿನಿಂದ, ಇನ್ನೊಂದು ಚೋರನೂರು, ಬಂಡ್ರಿ ಕಡೆಯಿಂದ, ಎರಡೂ ಸಂಡೂರಿನ ಮೇಲೆ ಕುಮಾರಸ್ವಾಮಿ ಗುಡ್ಡಕ್ಕೆ. ಭಾನುವಾರ ಮಧ್ಯಾಹ್ನದವರೆಗಾದರೂ ಗುಡ್ಡದ ರಸ್ತೆಯಲ್ಲಿ ಅದಿರು ಲಾರಿ ಬೇಡ. ಗುಡಿಯ ಬಳಿ ಒಂದು ಶೌಚಾಲಯ ಚೊಕ್ಕಟವಾಗಿರಲಿ. ಮೇಲೆ ಹೊಸದಾಗಿ ಏನೂ ಕಟ್ಟುವುದು ಬೇಡ.

ಓದುಗರಿಗೂ ಒಂದು ಮಾತು. ಮುಂದಿನ ಸಲ ಹಂಪಿಗೆ ಎರಡು ದಿನ ಇಟ್ಟುಕೊಂಡು ಹೊರಟರೆ ಮೂರನೆಯ ದಿನದ ರಜೆ ಹಾಕಿ ಬನ್ನಿ. ಕುಡಿಯುವ ನೀರಿನ ಬಾಟಲಿ ಮನೆಯಿಂದಲೇ ತನ್ನಿ, ಖಾಲಿಯಾದದ್ದನ್ನು ಮನೆಗೇ ಒಯ್ಯಿರಿ.